ಕಾಫಿ ಹಂಚಲು ಒಲ್ಲೆವೆಂದ ಹೆಂಗಸರು

ಸಭೆ ಸಮಾರಂಭಗಳಲ್ಲಿ ಒಮ್ಮೆಯೂ ಕಾಫಿ ಹಂಚದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನಂತೂ ಲೆಕ್ಕವಿಲ್ಲದಷ್ಟು ಸಲ ಹಂಚಿದ್ದೇನೆ. ಎರಡು ವರ್ಷದ ಕೆಳಗೆ ನಮ್ಮ ಮಹಿಳಾ ಸಮಾಜದವರನ್ನು ಒಂದು ದೊಡ್ಡ ಸಮಾರಂಭಕ್ಕೆ, "ನಿಮ್ಮ ಸಹಕಾರವಿಲ್ಲದೆ ಆಗುವುದೇ ಇಲ್ಲ" ಎಂದು ಬಾಯ್ತುಂಬ ಕರೆದರು. ನಾವೂ ಹಿಗ್ಗಿ, ಹದಿನೈದು ದಿನ ಓಡಾಡಿ, ಊರಿನ ಅಂಗನವಾಡಿಗಳ ಸ್ಥಿತಿಗತಿಯ ಮೇಲೆ ಒಂದು ವರದಿ ಬರೆದುಕೊಂಡು, ರೇಷ್ಮೆ ಸೀರೆ ಉಟ್ಟು ಹೋದೆವು. ಹೋದ ಮೇಲೆ ತಿಳಿಯಿತು ಸಹಕಾರ ಎಂದರೇನು ಅಂತ. ಬಾಗಿಲಲ್ಲಿ ಪನ್ನೀರು ಚಿಮುಕಿಸುವುದು, ಗಣ್ಯರಿಗೆ ಆರತಿ ಎತ್ತುವುದು, ಆಮೇಲೆ ಇನ್ನೂರು ಜನಕ್ಕೆ ಕಾಫಿ. ವರದಿ ನನ್ನ ಕೈಚೀಲದಲ್ಲೇ ಉಳಿಯಿತು. ಮನೆಗೆ ಬಂದು ಕಾಲು ನೀವಿಕೊಳ್ಳುತ್ತಾ ಗೊಣಗಿದೆವು, ಅಷ್ಟೇ.

ಇದನ್ನು ಅಮೆರಿಕದಲ್ಲಿರುವ ನನ್ನ ನಾದಿನಿಗೆ ಫೋನಿನಲ್ಲಿ ಹೇಳಿಕೊಂಡಾಗ ಅವಳು ನಕ್ಕುಬಿಟ್ಟಳು. "ಅತ್ತಿಗೇ, ಇಲ್ಲೂ ನೂರಾಮೂವತ್ತು ವರ್ಷದ ಕೆಳಗೆ ಇದೇ ಕಥೆ ಆಗಿತ್ತಂತೆ. ಆದರೆ ಆ ಹೆಂಗಸರು ಕಾಫಿ ಹಂಚಲಿಲ್ಲ, ಎದ್ದು ಹೊರಟುಬಿಟ್ಟರು!" ಅಂದಳು. ಮರುವರ್ಷ ಊರಿಗೆ ಬಂದಾಗ ಒಂದು ಹಳೆಯ ಅಡಿಗೆ ಪುಸ್ತಕವನ್ನೂ ತಂದುಕೊಟ್ಟಳು. ಅದರ ವಿಷಯ ಮುಂದೆ ಹೇಳುತ್ತೇನೆ. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತದ್ದು. ಆದರೂ ಆ ಹೆಂಗಸರ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ. ಒಬ್ಬಳೇ ಓದಿಕೊಂಡು ಸುಮ್ಮನಿರಲು ಮನಸ್ಸಾಗಲಿಲ್ಲ. ಅದಕ್ಕೇ ಈ ಲೇಖನ.

1893ನೇ ಇಸವಿ, ಷಿಕಾಗೋ ನಗರ ಎಂದರೆ ನಮಗೆಲ್ಲ ಥಟ್ಟನೆ ನೆನಪಾಗುವವರು ಯಾರು? ಸ್ವಾಮಿ ವಿವೇಕಾನಂದರು. ನಮ್ಮ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದು ಹೋದ ಸ್ವಾಮೀಜಿ, ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ಎದ್ದು ನಿಂತ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಅದಕ್ಕೆ ನಾಲ್ಕು ದಿನ ಮೊದಲು, ಅದೇ ಕಟ್ಟಡದಲ್ಲಿ, ಇನ್ನೊಂದು ಸಮ್ಮೇಳನ ಮುಗಿದಿತ್ತೆಂಬುದು ನನಗೆ ಗೊತ್ತೇ ಇರಲಿಲ್ಲ. ಸೆಪ್ಟೆಂಬರ್ 4ರಿಂದ 7ರವರೆಗೆ ನಡೆದ ಯಹೂದಿ ಸ್ತ್ರೀಯರ ಸಮ್ಮೇಳನ ಅದು. ಯಹೂದಿ ಹೆಂಗಸರು ದೂರದೂರದ ಊರುಗಳಿಂದ ಹೀಗೆ ಒಂದು ಕಡೆ ಸೇರಿದ್ದು ಅದೇ ಮೊದಲು.

ಯಹೂದಿಗಳೆಂದರೆ ನಮಗೆ ತೀರ ಅಪರಿಚಿತರೇನಲ್ಲ. ಕೊಚ್ಚಿಗೆ ಪ್ರವಾಸ ಹೋದವರು ಅವರ ಹಳೆಯ ಪ್ರಾರ್ಥನಾ ಮಂದಿರ ನೋಡಿಯೇ ಇರುತ್ತೀರಿ. ಮುಂಬಯಿಯ ದಕ್ಷಿಣಕ್ಕೆ ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಜನ ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಅವರಿಗೆ "ಶನಿವಾರ ತೇಲಿ"ಗಳೆಂದೇ ಹೆಸರು. ಶನಿವಾರ ಅವರಿಗೆ ಸಬ್ಬತ್, ಅಂದರೆ ಕೆಲಸ ಮುಟ್ಟದ ಪವಿತ್ರ ದಿನ. ಈ ಶನಿವಾರದ ವಿಷಯ ಸ್ವಲ್ಪ ನೆನಪಿಟ್ಟುಕೊಂಡಿರಿ. ಮುಂದೆ ಇದರ ಮೇಲೇ ಒಂದು ಜಗಳ ಬರುತ್ತದೆ.

ತೊಂಬತ್ತು ಪತ್ರಗಳು

ಷಿಕಾಗೋದ ಕಥೆಯ ನಾಯಕಿ ಹನ್ನಾ ಗ್ರೀನ್‌ಬಾಮ್ ಸಾಲೊಮನ್. ಹುಟ್ಟಿದ್ದು 1858ರಲ್ಲಿ, ಹತ್ತು ಮಕ್ಕಳ ತುಂಬಿದ ಮನೆಯಲ್ಲಿ. ಮನೆತನ ಜರ್ಮನಿಯಿಂದ ಬಂದು ನೆಲೆನಿಂತು ಅನುಕೂಲವಾಗಿದ್ದುದು. ಇಪ್ಪತ್ತೊಂದನೇ ವಯಸ್ಸಿಗೆ ಮದುವೆ, ಮೂರು ಮಕ್ಕಳು. ಹನ್ನಾ ಮತ್ತು ಆಕೆಯ ಅಕ್ಕ ಷಿಕಾಗೋ ಮಹಿಳಾ ಕ್ಲಬ್ಬಿಗೆ ಸೇರಿದ ಮೊಟ್ಟಮೊದಲ ಯಹೂದಿ ಹೆಂಗಸರು. ಷಿಕಾಗೋದಲ್ಲಿ ಜಗತ್ತಿನ ದೊಡ್ಡ ವಸ್ತುಪ್ರದರ್ಶನ ನಡೆಸುವುದೆಂದು ನಿಶ್ಚಯವಾದಾಗ, ಯಹೂದಿ ಹೆಂಗಸರನ್ನು ಸೇರಿಸುವ ಹೊಣೆ ಈಕೆಯ ಪಾಲಿಗೆ ಬಂತು.

ಸೇರಿಸುವುದೇನೋ ಸರಿ, ಯಾರನ್ನು? ಅಷ್ಟು ದೊಡ್ಡ ದೇಶ. ಯಾವ ಊರಲ್ಲಿ ಯಾರಿದ್ದಾರೆ, ಯಾರಿಗೆ ಮಾತಾಡಲು ಬರುತ್ತದೆ, ಯಾರು ಏನು ಕೆಲಸ ಮಾಡಿದ್ದಾರೆ ಎಂಬ ಒಂದು ಪಟ್ಟಿಯೂ ಇರಲಿಲ್ಲ. ಹನ್ನಾ ಊರೂರಿನ ರಬ್ಬಿಗಳಿಗೆ, ಎಂದರೆ ಅವರ ಧರ್ಮಗುರುಗಳಿಗೆ, ಬರೆದು ಹೆಸರುಗಳನ್ನು ಕೇಳಿದರು. ಆ ಹೆಸರುಗಳಿಗೆ ಕೂತು ತೊಂಬತ್ತರಷ್ಟು ಪತ್ರ ಬರೆದರು, ಎಲ್ಲವೂ ಕೈಬರಹದ್ದು! ಈಗ ನಾವು ವಾಟ್ಸ್ಯಾಪಿನಲ್ಲಿ ಒಂದು ಸಂದೇಶ ಹಾಕಿ, ಯಾರೂ ಉತ್ತರಿಸಲಿಲ್ಲವೆಂದು ಮುಖ ಊದಿಸಿಕೊಳ್ಳುತ್ತೇವಲ್ಲ, ಆಗ ಈ ತೊಂಬತ್ತು ಪತ್ರ ನೆನೆಸಿಕೊಳ್ಳಬೇಕು.

ಇತ್ತ ಯಹೂದಿ ಗಂಡಸರೂ ತಮ್ಮ ಸಮ್ಮೇಳನಕ್ಕೆ ಸಿದ್ಧತೆ ನಡೆಸುತ್ತಿದ್ದರು. ಹೆಂಗಸರೂ ತಮ್ಮೊಡನೆ ಸಹಕರಿಸಬೇಕೆಂದು ಕರೆದರು. ಹನ್ನಾ ಮತ್ತು ಆಕೆಯ ಸಂಗಡಿಗರು ಸಂತೋಷದಿಂದಲೇ ಹೋದರು. ಕಾರ್ಯಕ್ರಮದ ಪಟ್ಟಿ ನೋಡಿದರೆ ಭಾಷಣ ಮಾಡುವವರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಅತಿಥಿಗಳ ಸತ್ಕಾರ ಮಾಡುವುದು, ಕಾಫಿ ಬಗ್ಗಿಸಿ ಕೊಡುವುದು, ಇಷ್ಟೇ ಇವರ ಪಾಲಿನ ಕೆಲಸ. ನಮ್ಮ ಪನ್ನೀರು ದಾನಿ ಅಲ್ಲೂ ಇತ್ತು ನೋಡಿ! ಹೆಂಗಸರು ಕೂಗಾಡಲಿಲ್ಲ. ಹಾಗಾದರೆ ನಮ್ಮ ಸಹಕಾರವಿಲ್ಲ ಎಂದು ತಿಳಿಸಿ ಎದ್ದು ಬಂದರು. ಬಂದವರು ಮನೆಯಲ್ಲಿ ಕೂತು ಗೊಣಗದೆ, ತಮ್ಮದೇ ನಾಲ್ಕು ದಿನದ ಸಮ್ಮೇಳನ ಏರ್ಪಡಿಸಿದರು. ನನಗೆ ನಾಚಿಕೆಯಾದದ್ದು ಇಲ್ಲಿಯೇ.

ಆ ನಾಲ್ಕು ದಿನ ಮುಖ್ಯವಾಗಿ ಮಾತಾಡಿದವರು ಹೆಂಗಸರು. ಪ್ರಾರ್ಥನೆ ನಡೆಸಿಕೊಟ್ಟದ್ದು ಕ್ಯಾಲಿಫೋರ್ನಿಯಾದ ರೇ ಫ್ರಾಂಕ್ ಎಂಬ ಹೆಣ್ಣುಮಗಳು. ಅಮೆರಿಕದಲ್ಲಿ ಒಬ್ಬ ಹೆಂಗಸು ವಿಧಿವತ್ತಾಗಿ ರಬ್ಬಿಯಾದದ್ದು 1972ರಲ್ಲಿ. ಅದಕ್ಕೆ ಎಪ್ಪತ್ತೊಂಬತ್ತು ವರ್ಷ ಮೊದಲು ಈಕೆ ಸಭೆಯ ಮುಂದೆ ನಿಂತು ಪ್ರಾರ್ಥಿಸಿದರು. ಕೊನೆಯ ದಿನ ಸೇಡಿ ಅಮೆರಿಕನ್ ಎಂಬಾಕೆ (ಅವರ ಮನೆತನದ ಹೆಸರೇ ಹಾಗೆ!) ಇಷ್ಟಕ್ಕೇ ಚದುರಿಹೋಗುವುದು ಬೇಡ, ಕಾಯಂ ಆದ ಒಂದು ಸಂಸ್ಥೆಯಾಗೋಣ ಎಂದು ಒತ್ತಾಯಿಸಿದರು. ಎಲ್ಲರೂ ಒಪ್ಪಿದರು. ನ್ಯಾಷನಲ್ ಕೌನ್ಸಿಲ್ ಆಫ್ ಜ್ಯೂಯಿಷ್ ವಿಮೆನ್, ಎಂದರೆ ಯಹೂದಿ ಸ್ತ್ರೀಯರ ರಾಷ್ಟ್ರೀಯ ಮಂಡಳಿ ಹುಟ್ಟಿದ್ದು ಹೀಗೆ. ಹನ್ನಾ ಅಧ್ಯಕ್ಷಿಣಿ, ಸೇಡಿ ಕಾರ್ಯದರ್ಶಿನಿ. ಧರ್ಮದ ಓದು, ಬಡವರ ಸೇವೆ ಎರಡೂ ನಡೆಯಬೇಕೆಂಬುದು ಮೊದಲ ಉದ್ದೇಶ.

ಸಂಘ ಎಂದ ಮೇಲೆ ಜಗಳವಿಲ್ಲದಿರುತ್ತದೆಯೇ? ಮೂರೇ ವರ್ಷಕ್ಕೆ ಶನಿವಾರದ ಪ್ರಶ್ನೆ ಎದ್ದಿತು. ಅಮೆರಿಕದಲ್ಲಿ ಶನಿವಾರ ದುಡಿಮೆಯ ದಿನ. ಹಾಗಾಗಿ ಸುಧಾರಣೆಯ ಪಂಗಡದ ಕೆಲವು ಮಂದಿರಗಳು ಮುಖ್ಯ ಪ್ರಾರ್ಥನೆಯನ್ನು ಭಾನುವಾರಕ್ಕೆ ಬದಲಾಯಿಸಿಕೊಂಡಿದ್ದವು. ಹನ್ನಾ ಹೋಗುತ್ತಿದ್ದ ಮಂದಿರವೂ ಅಂಥದ್ದೇ. ಶನಿವಾರ ಪಾಲಿಸದವರು ನಮಗೆ ಹೇಗೆ ಅಧ್ಯಕ್ಷಿಣಿ ಎಂದು 1896ರ ನ್ಯೂಯಾರ್ಕ್ ಅಧಿವೇಶನದಲ್ಲಿ ಸಂಪ್ರದಾಯಸ್ಥರು ಪಟ್ಟು ಹಿಡಿದರು. ತನಗೆ ವಾರದ ಏಳು ದಿನವೂ ಪವಿತ್ರವೇ ಎಂಬರ್ಥದ ಉತ್ತರ ಕೊಟ್ಟು ಹನ್ನಾ ಗೆದ್ದು ಬಂದರು. ನನಗೆ ಆ ಉತ್ತರ ಮೆಚ್ಚಿಗೆಯಾಯಿತು. ಆದರೆ ಸಂಪ್ರದಾಯಸ್ಥ ಹೆಂಗಸರ ಸಂಕಟವೂ ಅರ್ಥವಾಯಿತು. ನಮ್ಮಲ್ಲಿ ಏಕಾದಶಿಯ ದಿನ ಸಮಾಜದಲ್ಲಿ ಉಪ್ಪಿಟ್ಟು ಮಾಡಿದ್ದಕ್ಕೆ ಎಷ್ಟು ದಿನ ಮಾತು ಬಿಟ್ಟಿದ್ದರು ಅಂತ ನನಗೆ ಗೊತ್ತಿಲ್ಲವೇ? ಮುಂದೆ 1914ರಲ್ಲಿ ಸೇಡಿ ಅಮೆರಿಕನ್ ಕೂಡ ಮನಸ್ತಾಪದಲ್ಲೇ ಸಂಸ್ಥೆ ಬಿಟ್ಟರು. ಇಷ್ಟಾದರೂ ಕೆಲಸ ನಿಲ್ಲಲಿಲ್ಲ ಎನ್ನುವುದು ಮುಖ್ಯ.

ಹಡಗುಕಟ್ಟೆಯಲ್ಲಿ ನಿಂತವರು

ಯಾವ ಕೆಲಸ? ನನ್ನ ಮನಸ್ಸಿಗೆ ಬಹಳ ತಟ್ಟಿದ್ದು ಎಲ್ಲಿಸ್ ದ್ವೀಪದ ಕೆಲಸ.

ರಷ್ಯಾ ಸಾಮ್ರಾಜ್ಯದಲ್ಲಿ 1881ರಿಂದ ಯಹೂದಿಗಳ ಮೇಲೆ ದಂಗೆಗಳಾದವು. ಮನೆ ಅಂಗಡಿ ಸುಟ್ಟರು. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಬಡತನ. 1881ರಿಂದ 1924ರೊಳಗೆ ಹೆಚ್ಚುಕಡಿಮೆ ಇಪ್ಪತ್ತು ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದಿಳಿದರು. ಅವರಲ್ಲಿ ಒಂಟಿಯಾಗಿ ಬಂದ ಹುಡುಗಿಯರೂ ಬೇಕಾದಷ್ಟು. ಅಣ್ಣ ಟಿಕೆಟ್ಟು ಕಳಿಸಿದ, ಚಿಕ್ಕಪ್ಪನ ವಿಳಾಸವಿದೆ, ಮದುವೆಯಾಗುವ ಹುಡುಗ ಕಾಯುತ್ತಿದ್ದಾನೆ ಎಂದು ಒಂದು ಗಂಟು ಹೊತ್ತು ಹೊರಟವರು. ಹಡಗಿನ ತಳದ ಮಾಳಿಗೆಯಲ್ಲಿ ವಾರಗಟ್ಟಲೆ ಪ್ರಯಾಣ. ನ್ಯೂಯಾರ್ಕಿನ ಎದುರಿನ ಎಲ್ಲಿಸ್ ದ್ವೀಪದಲ್ಲಿ ಇಳಿದರೆ ಡಾಕ್ಟರು ರೆಪ್ಪೆ ಮಗುಚಿ ಕಣ್ಣು ನೋಡುತ್ತಾರೆ. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಸುತ್ತ ಅರ್ಥವಾಗದ ಭಾಷೆ. ಒಂಟಿ ಹುಡುಗಿಯನ್ನು ಹಾಗೇ ಹೊರಗೆ ಬಿಡುವಂತಿರಲಿಲ್ಲ. ಕರೆದೊಯ್ಯಲು ಯಾರಾದರೂ ಬರಬೇಕು. ಬರುವವನು ನಿಜವಾದ ಚಿಕ್ಕಪ್ಪನೋ, ದಲ್ಲಾಳಿಯೋ? ಕೆಲಸ ಕೊಡಿಸುತ್ತೇನೆ, ಮದುವೆ ಮಾಡಿಕೊಳ್ಳುತ್ತೇನೆ ಎಂದು ಕರೆದೊಯ್ದು ಸೂಳೆಗೇರಿಗೆ ಮಾರುವವರು ಹಡಗುಕಟ್ಟೆಯಲ್ಲೇ ಸುಳಿದಾಡುತ್ತಿದ್ದ ಕಾಲ ಅದು. ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಇದನ್ನು ಮುಚ್ಚಿಟ್ಟರೆ ಮಂಡಳಿಯ ಕೆಲಸದ ಬೆಲೆಯೇ ತಿಳಿಯದು.

ಸರ್ಕಾರವೇ ಕೇಳಿಕೊಂಡ ಮೇಲೆ 1904ರ ಹೊತ್ತಿಗೆ ಮಂಡಳಿಯವರು ಎಲ್ಲಿಸ್ ದ್ವೀಪದಲ್ಲಿ ತಮ್ಮ ಕೇಂದ್ರ ತೆರೆದರು. ಹನ್ನೆರಡರಿಂದ ಮೂವತ್ತು ವರ್ಷದವರೆಗಿನ ಒಂಟಿ ಹುಡುಗಿಯರನ್ನು ಎದುರುಗೊಳ್ಳುವುದು ಇವರ ಕೆಲಸ. ಹಡಗು ಇಳಿದ ಹುಡುಗಿಗೆ ಮೊದಲು ಕೇಳಿಸುತ್ತಿದ್ದುದು ಅವಳ ಮನೆಮಾತಾದ ಯಿಡ್ಡಿಷ್‌ನಲ್ಲಿ ಒಬ್ಬ ಹೆಂಗಸಿನ ದನಿ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗಬೇಕು, ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಅಪರಿಚಿತರನ್ನು ನಂಬಬೇಡ, ತೊಂದರೆಯಾದರೆ ಇಲ್ಲಿಗೆ ಬಾ ಎಂದು ಅವಳ ಭಾಷೆಯಲ್ಲೇ ಅಚ್ಚು ಹಾಕಿಸಿದ ಚೀಟಿ ಕೊಡುತ್ತಿದ್ದರು. ಇಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅವಳು ಹೋಗುವ ಊರಿನ ಶಾಖೆಗೆ ಸುದ್ದಿ ಹೋಗುತ್ತಿತ್ತು. ಆ ಊರಿನ ಸದಸ್ಯೆಯೊಬ್ಬಳು ಹೇಳಿದ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿ, ಹುಡುಗಿ ಅಲ್ಲಿದ್ದಾಳೆಯೇ, ಹೇಗಿದ್ದಾಳೆ ಎಂದು ಕಣ್ಣಾರೆ ನೋಡಿ ಬರುತ್ತಿದ್ದಳು. ಇಂಗ್ಲಿಷ್ ತರಗತಿಗೆ ಸೇರಿಸುವುದು, ಕೆಲಸ ಹುಡುಕಿಕೊಡುವುದು ಆಮೇಲಿನ ಮಾತು.

ಹನ್ನಾ ಬರೆಸಿದ ಹೆಸರುಗಳ ಪಟ್ಟಿ ಇಲ್ಲಿ ಹೇಗೆ ಉಪಯೋಗಕ್ಕೆ ಬಂತು ನೋಡಿ. ಊರೂರಿನಲ್ಲೂ ನಂಬಿಕೆಯ ಒಬ್ಬ ಹೆಂಗಸು ಗೊತ್ತಿದ್ದರೆ ತಾನೇ ಹೋಗಿ ಬಾಗಿಲು ತಟ್ಟಲು ಹೇಳುವುದು?

ನಾನು ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ಒಬ್ಬಳೇ ಬೆಂಗಳೂರಿಗೆ ಬಂದಾಗ, ಮಾವನ ವಿಳಾಸದ ಚೀಟಿಯನ್ನು ಬೆವರಿನ ಕೈಯಲ್ಲಿ ಹಿಡಿದು ಹಿಡಿದು ಅಕ್ಷರವೇ ಅಳಿಸಿಹೋಗಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಒಬ್ಬ ಅಜ್ಜಿ ತನ್ನ ಪಕ್ಕ ಕೂರಿಸಿಕೊಂಡಿದ್ದಳು, ಮಾವ ಬರುವವರೆಗೂ. ಒಂದೇ ರಾತ್ರಿಯ ಬಸ್ಸು, ಕನ್ನಡವೇ ಮಾತಾಡುವ ಊರು. ನನಗೇ ಹಾಗಾಗಿದ್ದರೆ ಸಮುದ್ರ ದಾಟಿ ಬಂದ ಆ ಮಕ್ಕಳಿಗೆ ಹೇಗಾಗಿರಬೇಡ!

ಹದಿನೆಂಟು ಡಾಲರಿನ ಅಡಿಗೆ ಪುಸ್ತಕ

ಇನ್ನು ನಾದಿನಿ ತಂದ ಪುಸ್ತಕಕ್ಕೆ ಬರುತ್ತೇನೆ. ಅದರ ಹೆಸರು ದಿ ಸೆಟ್ಲ್‌ಮೆಂಟ್ ಕುಕ್ ಬುಕ್. ನಾದಿನಿ ಇರುವ ಮಿಲ್ವಾಕಿ ನಗರದ್ದೇ. ಷಿಕಾಗೋ ಇರುವ ಸರೋವರದ ದಂಡೆಯಲ್ಲೇ ಒಂದೂವರೆ ಎರಡು ಗಂಟೆ ಉತ್ತರಕ್ಕೆ ಹೋದರೆ ಸಿಗುವ ಊರು. ಇದನ್ನು ಹೊರತಂದವರು ಲಿಜ್ಜಿ ಬ್ಲ್ಯಾಕ್ ಕ್ಯಾಂಡರ್. ಹನ್ನಾ ಹುಟ್ಟಿದ ವರ್ಷವೇ ಹುಟ್ಟಿದ, ಅದೇ ಬಗೆಯ ಅನುಕೂಲಸ್ಥ ಯಹೂದಿ ಮನೆತನದವರು. ರಷ್ಯಾದಿಂದ ಬಂದ ಬಡ ಮನೆಗಳ ಹುಡುಗಿಯರಿಗಾಗಿ 1900ರಲ್ಲಿ ಮಿಲ್ವಾಕಿಯಲ್ಲಿ ಒಂದು ಸೇವಾಮಂದಿರ ಶುರುವಾಯಿತು. "ಸೆಟ್ಲ್‌ಮೆಂಟ್" ಎಂದರೆ ಅದೇ. ಹೊಲಿಗೆ, ಇಂಗ್ಲಿಷ್, ಅಡಿಗೆ ಕಲಿಸುತ್ತಿದ್ದರು. ಅಡಿಗೆ ತರಗತಿಯಲ್ಲಿ ಹುಡುಗಿಯರು ಕರಿಹಲಗೆಯ ಮೇಲಿನ ಪಾಕವಿಧಾನ ನಕಲು ಮಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತಿತ್ತು. ಅಚ್ಚು ಹಾಕಿಸಿಕೊಟ್ಟರೆ ಕೈಯಾರೆ ಅಡಿಗೆ ಮಾಡಲು ಸಮಯ ಸಿಗುತ್ತದೆ ಎಂದು ಲಿಜ್ಜಿ, ಸಂಸ್ಥೆಯ ಆಡಳಿತ ಮಂಡಳಿಯ ಗಂಡಸರನ್ನು ಹದಿನೆಂಟು ಡಾಲರ್ ಕೇಳಿದರು. ಅವರು ಕೊಡಲಿಲ್ಲ! ಲಾಭ ಬಂದರೆ ನಮಗೂ ಪಾಲಿರಲಿ ಎಂದು ತಮಾಷೆ ಬೇರೆ ಮಾಡಿದರಂತೆ.

ಲಿಜ್ಜಿ ಮತ್ತು ಗೆಳತಿಯರು ಊರಿನ ಅಂಗಡಿಗಳಿಂದ ಜಾಹೀರಾತು ತಂದು 1901ರಲ್ಲಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಖರ್ಚಾಗಿ ಹೋದವು. ಮತ್ತೆ ಅಚ್ಚಾಯಿತು, ಮತ್ತೆ ಮತ್ತೆ. ಆ ಲಾಭದಿಂದ 1909ರಲ್ಲಿ ಹೊಸ ಕಟ್ಟಡಕ್ಕೆ ನಿವೇಶನ ಕೊಂಡರು, 1911ರಲ್ಲಿ ಕಟ್ಟಡ ಎದ್ದಿತು. ಹದಿನೆಂಟು ಡಾಲರ್ ಇಲ್ಲವೆಂದವರೂ ಅದರ ಸೂರಿನಡಿ ಕೂತು ಸಭೆ ನಡೆಸಿರಬೇಕು ಎಂದು ನೆನೆದು ನಾನೊಬ್ಬಳೇ ಅಡಿಗೆಮನೆಯಲ್ಲಿ ನಕ್ಕೆ. ಲಿಜ್ಜಿ 1940ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಎಲ್ಲ ಮುದ್ರಣಗಳೂ ಸೇರಿ ಇಪ್ಪತ್ತು ಲಕ್ಷದಷ್ಟು ಪ್ರತಿ ಹೋಗಿವೆ. ಗಂಡಸಿನ ಹೃದಯಕ್ಕೆ ದಾರಿ ಎಂಬರ್ಥದ ಒಂದು ಮಾತು ಅದರ ರಕ್ಷಾಪುಟದಲ್ಲೇ ಇದೆ. ಕಟ್ಟಡಕ್ಕೂ ಅದೇ ದಾರಿಯಾದದ್ದು ವಿಶೇಷ.

ಹೊಗಳಿಕೆ ಸಾಕು, ಒಂದು ಹುಳುಕನ್ನೂ ಹೇಳಬೇಕು. ಲಿಜ್ಜಿಯವರ ಮೊದಲಿನ ಒಂದು ಸಂಸ್ಥೆಯ ಹೆಸರೇ "ಕೀಪ್ ಕ್ಲೀನ್ ಮಿಷನ್", ಅಂದರೆ ಚೊಕ್ಕಟವಾಗಿರಿ ಎಂಬ ಸಂಘ. ನಮ್ಮ ಮನೆಗೆ ಬಂದು ಯಾರಾದರೂ ಹೀಗೆ ಹೆಸರಿಟ್ಟುಕೊಂಡು ಸೇವೆ ಮಾಡುತ್ತೇವೆ ಎಂದರೆ ನಮಗೆ ಹೇಗಾಗುತ್ತದೆ? ಮೊದಲು ಬಂದ ಜರ್ಮನ್ ಯಹೂದಿಗಳಿಗೆ ಆಮೇಲೆ ಬಂದ ರಷ್ಯದವರ ಉಡುಗೆ, ಭಾಷೆ, ಗದ್ದಲ ಎಲ್ಲ ಸ್ವಲ್ಪ ಮುಜುಗರವೇ. ಇವರಿಂದ ನಮಗೂ ಕೆಟ್ಟ ಹೆಸರು ಬಂದೀತೆಂಬ ಅಂಜಿಕೆಯೂ ಸೇವೆಯ ಜೊತೆ ಬೆರೆತಿತ್ತು. ಪುಸ್ತಕದ ಮೊದಲ ಮುದ್ರಣದಲ್ಲಿ ಯಹೂದಿ ಧರ್ಮದಲ್ಲಿ ನಿಷಿದ್ಧವಾದ ಚಿಪ್ಪುಮೀನಿನ ಅಡಿಗೆಗಳೂ ಇದ್ದವು. ಮಡಿಯಿಂದ ಬೆಳೆದು ಬಂದ ಆ ಹುಡುಗಿಯರ ತಾಯಂದಿರಿಗೆ ಅದನ್ನು ನೋಡಿ ಏನನ್ನಿಸಿತೋ! ಕೊಡುವವರಿಗೆ ತಮ್ಮ ಕೈ ಮೇಲಿದೆ ಎಂಬುದು ಬೇಗ ಮರೆಯುವುದಿಲ್ಲ. ಪಡೆಯುವವರಿಗಂತೂ ಎಂದೂ ಮರೆಯುವುದಿಲ್ಲ.

ಬಾಗಿಲು ಮುಚ್ಚಿದಾಗ

1904ರಲ್ಲಿ ಬರ್ಲಿನ್ನಿನಲ್ಲಿ ಅಂತರರಾಷ್ಟ್ರೀಯ ಮಹಿಳಾ ಮಂಡಳಿಯ ಸಭೆ ನಡೆದಾಗ ಹನ್ನಾ ಅಲ್ಲಿಗೆ ಹೋಗಿದ್ದರು. ಅದೇ ವರ್ಷ ಜರ್ಮನಿಯ ಯಹೂದಿ ಹೆಂಗಸರೂ ತಮ್ಮ ಸಂಘ ಕಟ್ಟಿಕೊಂಡರು. ಕಟ್ಟಿದವರು ಬರ್ತಾ ಪಾಪನ್‌ಹೈಮ್. ಮನಶ್ಶಾಸ್ತ್ರ ಓದಿದ ನಿಮ್ಮ ಮಗನನ್ನೋ ಮಗಳನ್ನೋ ಕೇಳಿ, "ಅನ್ನಾ ಓ." ಎಂಬ ಹೆಸರು ಅವರಿಗೆ ಗೊತ್ತಿರುತ್ತದೆ. ಬ್ರಾಯರ್ ಮತ್ತು ಫ್ರಾಯ್ಡ್ 1895ರ ತಮ್ಮ ಪುಸ್ತಕದಲ್ಲಿ ವರ್ಣಿಸಿದ ಆ ರೋಗಿ ಹುಡುಗಿ ಈಕೆಯೇ. ಅದು ಲೋಕಕ್ಕೆ ಗೊತ್ತಾದದ್ದು ಆಕೆ ಸತ್ತು ಹದಿನೇಳು ವರ್ಷದ ಮೇಲೆ. ಗುಣವಾಗಿ ಎದ್ದ ಬರ್ತಾ ಮಾಡಿದ ಕೆಲಸದ ಸುದ್ದಿ ಮಾತ್ರ ಆ ಪುಸ್ತಕದಲ್ಲಿ ಇರಲು ಸಾಧ್ಯವೇ ಇರಲಿಲ್ಲವಲ್ಲ. ರೈಲು ನಿಲ್ದಾಣಗಳಲ್ಲಿ ಒಂಟಿ ಹುಡುಗಿಯರನ್ನು ಎದುರುಗೊಳ್ಳುವ ವ್ಯವಸ್ಥೆ ಅವರ ಸಂಘದಲ್ಲೂ ಇತ್ತು. ಫ್ರಾಂಕ್‌ಫರ್ಟ್ ಹತ್ತಿರ ನಾಯ್ ಇಸೆನ್‌ಬುರ್ಗ್‌ನಲ್ಲಿ 1907ರಲ್ಲಿ, ಮದುವೆಯಾಗದೆ ತಾಯಾದವರಿಗೆ, ದಿಕ್ಕಿಲ್ಲದ ಹುಡುಗಿಯರಿಗೆ, ಅವರ ಕೂಸುಗಳಿಗೆ ಒಂದು ಮನೆ ಮಾಡಿದರು. ಸಂಘದ ಸದಸ್ಯೆಯರು ಐವತ್ತು ಸಾವಿರದವರೆಗೆ ಬೆಳೆದರು.

ಬರ್ತಾ 1936ರಲ್ಲಿ ತೀರಿಕೊಂಡರು. 1938ರ ನವೆಂಬರಿನಲ್ಲಿ ನಾಜಿಗಳು ಆ ಮನೆಗೆ ಬೆಂಕಿ ಇಟ್ಟರು. ಸಂಘವನ್ನೂ ಅದೇ ವರ್ಷ ಮುಚ್ಚಿಸಿದರು. ಉಳಿದಿದ್ದ ಹೆಂಗಸರು ಮಕ್ಕಳನ್ನು 1942ರಲ್ಲಿ ಸಾಗಿಸಿಬಿಟ್ಟರು. ಸಂಘದ ಕಾರ್ಯದರ್ಶಿನಿಯಾಗಿದ್ದ ಹನ್ನಾ ಕಾರ್ಮಿನ್‌ಸ್ಕಿ, ಓಡಿಹೋಗುವ ಅವಕಾಶವಿದ್ದಾಗ ಹೋಗದೆ ತಮ್ಮವರ ಜೊತೆ ಉಳಿದವರು. ಅವರನ್ನೂ ಅದೇ ವರ್ಷ ಆಶ್ವಿಟ್ಜ್‌ಗೆ ಸಾಗಿಸಿದರು. ಅವರು ಮರಳಲಿಲ್ಲ.

ಅಮೆರಿಕದ ಮಂಡಳಿ ಏನು ಮಾಡಿತು ಎಂದು ಕೇಳುತ್ತೀರಿ. 1924ರಲ್ಲಿ ಅಮೆರಿಕವೇ ಕಾನೂನು ಮಾಡಿ ವಲಸೆಯ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತ್ತು. ಕೈಯಲ್ಲಾದದ್ದನ್ನು ಮಾಡಿದರು. ವಲಸೆಯವರ ಕೆಲಸವನ್ನು ವರ್ಷಾನುಗಟ್ಟಲೆ ಮಂಡಳಿಯಲ್ಲಿ ನೋಡಿಕೊಂಡಿದ್ದ ಸೆಸಿಲಿಯಾ ರಜೋವ್‌ಸ್ಕಿ, 1934ರಿಂದ ಜರ್ಮನಿಯ ಯಹೂದಿ ಮಕ್ಕಳನ್ನು ತಂದೆತಾಯಿಯಿಲ್ಲದೆ ಒಬ್ಬೊಬ್ಬರಾಗಿ ಕರೆಸಿ ಅಮೆರಿಕದ ಮನೆಗಳಲ್ಲಿ ಇರಿಸುವ ಕೆಲಸದಲ್ಲಿ ನಿಂತರು. 1939ರಲ್ಲಿ ಒಂಬೈನೂರಕ್ಕೂ ಹೆಚ್ಚು ಜನರನ್ನು ಹೊತ್ತ ಸೇಂಟ್ ಲೂಯಿಸ್ ಎಂಬ ಹಡಗು ಕ್ಯೂಬಾದ ಹವಾನಾಕ್ಕೆ ಬಂದು, ಇಳಿಯಲು ಅಪ್ಪಣೆ ಸಿಗದೆ ನಿಂತಾಗಲೂ ಆಕೆ ಅಲ್ಲಿಗೆ ಓಡಿದರು. ಆಗಲಿಲ್ಲ. ಹಡಗು ಯೂರೋಪಿಗೆ ಮರಳಿತು. ಅದರಲ್ಲಿದ್ದವರಲ್ಲಿ 250ಕ್ಕೂ ಹೆಚ್ಚು ಮಂದಿ ಆಮೇಲೆ ಕೊಲ್ಲಲ್ಪಟ್ಟರು. ಎಲ್ಲಿಸ್ ದ್ವೀಪದಲ್ಲಿ ಕೈಹಿಡಿದು ಇಳಿಸಿಕೊಂಡ ಹೆಂಗಸರು ಎಷ್ಟೇ ಸಿದ್ಧರಿದ್ದರೂ, ಹಡಗೇ ದಡ ಮುಟ್ಟದಿದ್ದರೆ ಏನು ಮಾಡಿಯಾರು?

ಯುದ್ಧ ಮುಗಿದ 1945ರಲ್ಲಿ ಬದುಕುಳಿದ ಮಕ್ಕಳಿಗಾಗಿ ಆಟದ ಸಾಮಾನು, ಪಾಠದ ಸಾಮಗ್ರಿ ತುಂಬಿದ ಪೆಟ್ಟಿಗೆಗಳನ್ನು ಶಾಖೆ ಶಾಖೆಗಳಿಂದ ಯೂರೋಪಿಗೆ ಕಳಿಸಲಾರಂಭಿಸಿದರು. ಹನ್ನಾ ಸಾಲೊಮನ್ ಇದನ್ನು ನೋಡಲಿಲ್ಲ. 1942ರ ಡಿಸೆಂಬರಿನಲ್ಲಿ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ ಆಕೆ ಕಣ್ಣು ಮುಚ್ಚಿದ್ದರು.

ನೋಡಿ ಬಂದು ಬರೆದದ್ದು

ಈಚಿನ ಕೆಲಸಗಳಲ್ಲಿ ಎರಡನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಎರಡೂ ನಮ್ಮಂಥ ಗೃಹಿಣಿಯರಿಗೆ ಹತ್ತಿರದವು.

ಇಸ್ರೇಲಿಗೆ ಏಷ್ಯಾ ಮತ್ತು ಉತ್ತರ ಆಫ್ರಿಕಾದಿಂದ ಬಂದು ನೆಲೆಸಿದ ಕುಟುಂಬಗಳ ತಾಯಂದಿರಿಗೆ ಹೆಚ್ಚು ಓದಿರಲಿಲ್ಲ. ಅವರ ಮಕ್ಕಳು ಶಾಲೆಗೆ ಸೇರಿದ ದಿನದಿಂದಲೇ ಹಿಂದೆ ಬೀಳುತ್ತಿದ್ದರು. 1969ರಲ್ಲಿ ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ, ಈ ಮಂಡಳಿಯ ಹೆಸರಿನಲ್ಲೇ ಇರುವ ಸಂಶೋಧನಾ ಕೇಂದ್ರದಲ್ಲಿ, ಅವಿಮಾ ಲೊಂಬಾರ್ಡ್ ಎಂಬ ವಿದುಷಿ ಒಂದು ಉಪಾಯ ಹೂಡಿದರು. ಹಿಪ್ಪಿ ಎಂದು ಅದರ ಚಿಕ್ಕ ಹೆಸರು. (ಉದ್ದ ಕೂದಲಿನ ಹಿಪ್ಪಿಗಳಲ್ಲ!) ಮಗುವಿಗಲ್ಲ, ತಾಯಿಗೇ ಪಾಠ. ಅದೇ ಕೇರಿಯ ಇನ್ನೊಬ್ಬ ತಾಯಿ ಸ್ವಲ್ಪ ತರಬೇತಿ ಪಡೆದು ಕಥೆ ಪುಸ್ತಕ, ಚಟುವಟಿಕೆಯ ಹಾಳೆಗಳನ್ನು ಹಿಡಿದು ಮನೆಗೆ ಬರುತ್ತಾಳೆ. ಒಬ್ಬಳು ತಾಯಿಯಾಗಿ, ಒಬ್ಬಳು ಮಗುವಾಗಿ ಆಡಿ ಕಲಿಯುತ್ತಾರೆ. ಆಮೇಲೆ ತಾಯಿ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಮಗುವಿನೊಡನೆ ಕೂರುತ್ತಾಳೆ. ನಮ್ಮಲ್ಲಿ 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಮೊದಲ 33 ಕಡೆಗಳಲ್ಲಿ ಟಿ. ನರಸೀಪುರವೂ ಒಂದು. ಅಲ್ಲಿ ಮಗು ಅಂಗನವಾಡಿಗೆ ಹೋಗುತ್ತದೆ, ಇಲ್ಲಿ ಪಾಠವೇ ಅಡಿಗೆಮನೆಗೆ ಬರುತ್ತದೆ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ 1980ರ ದಶಕದಲ್ಲಿ ಇದನ್ನು ತಂದವರು ಹಿಲರಿ ಕ್ಲಿಂಟನ್. "ಚೊಕ್ಕಟವಾಗಿರಿ" ಸಂಘದಿಂದ ಇಲ್ಲಿಗೆ ಬರಲು ಎಷ್ಟು ದೂರ ನಡೆಯಬೇಕಾಯಿತು ನೋಡಿ. ಪಡೆಯುವವಳನ್ನೇ ಗುರುವಾಗಿ ಕೂರಿಸಿದ್ದಾರೆ.

ಇನ್ನೊಂದು, ಶಿಶುವಿಹಾರಗಳ ವರದಿ. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಅಮೆರಿಕದ ಸಂಸತ್ತು ಒಪ್ಪಿದ ಮಸೂದೆಯನ್ನು 1971ರ ಡಿಸೆಂಬರಿನಲ್ಲಿ ಅಧ್ಯಕ್ಷ ನಿಕ್ಸನ್ ತಳ್ಳಿಹಾಕಿದರು. ಆ ಮಕ್ಕಳನ್ನು ಹಗಲು ಹೊತ್ತು ಎಲ್ಲಿ ಬಿಡುತ್ತಾರೆ, ಆ ಜಾಗಗಳು ಹೇಗಿವೆ? ಮಂಡಳಿಯ ಸದಸ್ಯೆಯರು ತಮ್ಮ ತಮ್ಮ ಊರಿನಲ್ಲಿ ಶಿಶುವಿಹಾರಗಳಿಗೆ, ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿಗೆ ಸ್ವತಃ ಹೋಗಿ ನೋಡಿದರು. ಇವರು ಪಂಡಿತರಲ್ಲ, ನಮ್ಮ ಹಾಗೆ ಮನೆ ಮಕ್ಕಳನ್ನು ನೋಡಿಕೊಂಡು ಸಾಕಷ್ಟು ಅನುಭವವಿದ್ದ ಹೆಂಗಸರು. ಎಷ್ಟು ಮಕ್ಕಳು, ಎಷ್ಟು ಆಯಾಗಳು, ಮಲಗಲು ಏನಿದೆ, ತಿನ್ನಲು ಏನು ಕೊಡುತ್ತಾರೆ ಎಂದು ಬರೆದು ತಂದರು. ಬಹಳ ಕಡೆ ಕಂಡದ್ದು ಕರುಳು ಹಿಂಡುವಂತಿತ್ತು. ಮೇರಿ ಡಬ್ಲಿನ್ ಕೀಸರ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞೆ ಎಲ್ಲವನ್ನೂ ಸೇರಿಸಿ ಬರೆದ ಪುಸ್ತಕ 1972ರಲ್ಲಿ ಹೊರಬಂತು, ವಿಂಡೋಸ್ ಆನ್ ಡೇ ಕೇರ್ ಎಂಬ ಹೆಸರಿನಲ್ಲಿ. ಮಕ್ಕಳ ವಿಷಯ ಚರ್ಚಿಸುವವರು ಅದನ್ನು ವರ್ಷಗಟ್ಟಲೆ ಎತ್ತಿ ಹೇಳಿದರು.

ಇದನ್ನು ಓದಿದ ರಾತ್ರಿ ನಾನು ಎದ್ದು ಹೋಗಿ ಬೀರುವಿನಲ್ಲಿ ಹುಡುಕಿದೆ. ರೇಷ್ಮೆ ಸೀರೆಯ ಜೊತೆಗಿದ್ದ ಕೈಚೀಲದಲ್ಲೇ ಇತ್ತು ನಮ್ಮ ಅಂಗನವಾಡಿ ವರದಿ, ಮಡಿಕೆ ಬಿದ್ದು. ಒಂದರಲ್ಲಿ ನೀರಿನ ತೊಟ್ಟಿಗೆ ಮುಚ್ಚಳವಿಲ್ಲ, ಎರಡರಲ್ಲಿ ಸೂರು ಸೋರುತ್ತದೆ, ಒಂದು ಕಡೆ ಕಾರ್ಯಕರ್ತೆಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲ ಎಂದೆಲ್ಲ ನನ್ನ ಅಕ್ಷರದಲ್ಲೇ ಇದೆ. ಎರಡು ವರ್ಷ ಹಳತಾಯಿತು, ಇನ್ನೊಮ್ಮೆ ಹೋಗಿ ನೋಡಿ ತಿದ್ದಬೇಕು. ಈ ಸಲ ಯಾರ ಸಮಾರಂಭಕ್ಕೂ ಕಾಯದೆ ನೇರವಾಗಿ ಪಂಚಾಯಿತಿಗೆ ಕೊಡೋಣ ಅಂತ ಬೆಳಿಗ್ಗೆ ಐದು ಜನಕ್ಕೆ ಫೋನ್ ಮಾಡಿದೆ. ಮೂವರು ಬರುತ್ತೇವೆ ಅಂದರು. ಒಬ್ಬರು ಯಜಮಾನರನ್ನು ಕೇಳಿ ಹೇಳುತ್ತಾರಂತೆ. ಇನ್ನೊಬ್ಬರು ಮಗಳ ಬಾಣಂತನ ಮುಗಿಯಲಿ ಅಂದಿದ್ದಾರೆ.